ಕಾಣದ ಬೇಲಿ, ಕೈ ಹಾಕದ ಕೊರಳು

ತಂತಿ ತುಂಡಾಗಿರಬಹುದು. ಮೃಗಶಿರಾ ಮಳೆಗೆ ಜೋಡಣೆಯೊಳಗೆ ನೀರು ಹೊಕ್ಕು ಕಿಲುಬು ಹಿಡಿದಿರಬಹುದು. ಹೆಗ್ಗಣ ಕಡಿದಿರಬಹುದು. ಮೊನ್ನೆಯ ಸಿಡಿಲಿಗೆ ಡಬ್ಬಿ ಸುಟ್ಟಿರಬಹುದು. ಡಬ್ಬಿ ಉಳಿದಿದ್ದರೆ ಅದರ ಅಡಾಪ್ಟರ್ ಸುಟ್ಟಿರಬಹುದು. ಅಡಾಪ್ಟರೂ ಉಳಿದಿದ್ದರೆ ಮೊಬೈಲ್ ಚಾರ್ಜ್ ಮಾಡಲೆಂದು ಯಾರೋ ಅದನ್ನು ಕಿತ್ತು ಮತ್ತೆ ಸಿಕ್ಕಿಸುವುದನ್ನೇ ಮರೆತಿರಬಹುದು. ವೋಲ್ಟೇಜ್ ಬಿದ್ದಿರಬಹುದು. ಕೊರಳಪಟ್ಟಿಯ ಬ್ಯಾಟರಿ ತೀರಿರಬಹುದು. ನಳದವರು ಪೈಪಿಗಾಗಿ ಅಗೆದಿರಬಹುದು. ಡಬ್ಬಿಯ ತಿರುಗಣಿಯನ್ನು ಧೂಳು ಒರೆಸುವಾಗ ಯಾರಾದರೂ ಸೊನ್ನೆಗೆ ತಿರುಗಿಸಿರಬಹುದು. ನಾಯಿಗೇ ಬುದ್ಧಿ ಬಂದಿರಬಹುದು. ಇದ್ಯಾವುದೂ ಅಲ್ಲದಿದ್ದರೆ, ಹಾಕುವಾಗಲೇ ನಾನು ಏನೋ ಎಡವಟ್ಟು ಮಾಡಿರಬಹುದು. ಇದರ ಸಾಧ್ಯತೆಯೇ ಹೆಚ್ಚು.

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಕೂತು ಇಷ್ಟನ್ನೂ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದೆ. ಪಕ್ಕದ ಸೀಟಿನವರು ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಭಕ್ತಿಯಿಂದ ಸ್ವಲ್ಪ ಸರಿದು ಕೂತರು.

ಅಂದು ಮುಂಜಾನೆ ಹುಮನಾಬಾದಿನ ಕಸ್ತೂರಿಬಾಯಿ ಫೋನ್ ಮಾಡಿದ್ದಳು. "ಮಲ್ಲಣ್ಣಾ, ಬಾದಲ್ ಮತ್ತ ಗ್ವಾಡಿ ಜಿಗದು ರೋಡಿಗಿ ಹೋಗ್ಯದ. ಅದನ್ನ ತಪ್ಪಸಾಕ ಹೋಗಿ ಹಾಲಿನ ನಾಗಶೆಟ್ಟಿ ಗಾಡಿ ಬಿದ್ದದ. ಕೈ ಮುರದಿಲ್ಲ, ಬರೇ ಉಳುಕ್ಯದ. ಆದ್ರ ಗಲ್ಲಿ ಮಂದಿ ಇನ್ನ ನಾಯಿ ಇಟ್ಕೊಬ್ಯಾಡ್ರಿ ಅಂದುಬಿಟ್ಟಾರ. ದುಬಲಗುಂಡಿಯಿಂದ ಮೈದುನ ಟಂಟಂ ಗಾಡಿ ತರಾಕತ್ತಾನ. ಒಯ್ದು ಹೊಲದಾಗ ಕಟ್ಟಿಹಾಕ್ತೀನಂತಾನ. ಊಟದ ಹೊತ್ತಿಗಿ ಬರ್ತಾನ. ಅದರಕಿಂತ ಮದಲ ನೀವು ಬರ್ತೀರೇನು?"

ಬಾದಲ್ ಬೂದುಬಣ್ಣದ ಮುಧೋಳ ನಾಯಿ. ಕಸ್ತೂರಿಬಾಯಿ ಹುಮನಾಬಾದಿನಲ್ಲಿ ಹೊಲಿಗೆ ಅಂಗಡಿ ನಡೆಸುವವಳು. ನಾಯಿ ದಿನವಿಡೀ ಅವಳ ಮಷಿನ್ನಿನ ಕೆಳಗೆ, ಕತ್ತರಿಸಿ ಬಿದ್ದ ಬಟ್ಟೆ ಚೂರುಗಳ ಮೇಲೆ ಮಲಗಿ ಬೆಳೆದದ್ದು. ಮನೆ ಮಾತ್ರ ಊರ ಹೊರಗೆ, ಹೆದ್ದಾರಿಗೆ ಹತ್ತಿಕೊಂಡೇ ಇದೆ. ಕಂಪೌಂಡ್ ಗೋಡೆ ನನ್ನ ಎದೆಮಟ್ಟ. ಮುಧೋಳ ನಾಯಿಗೆ ಅದು ಗೋಡೆಯಲ್ಲ, ಹೊಸ್ತಿಲು. ಕಟ್ಟಿಹಾಕಲು ಅವಳಿಗೆ ಮನಸ್ಸಿಲ್ಲ. ದುಬಲಗುಂಡಿಯ ಹೊಲದಲ್ಲಿ ಹಿಂದೆ ಇಂಥದೇ ಒಂದು ನಾಯಿಯನ್ನು ಸರಪಳಿಯಲ್ಲಿ ಇಟ್ಟಿದ್ದರಂತೆ. ಅದು ಗೂಟದ ಸುತ್ತ ತಿರುಗಿ ತಿರುಗಿ ನೆಲದಲ್ಲಿ ಗುಂಡಿ ಬೀಳಿಸಿ, ಕೊನೆಗೆ ಅನ್ನ ಹಾಕುವ ಇವಳಿಗೇ ಹಲ್ಲು ತೋರಿಸತೊಡಗಿತ್ತಂತೆ. "ಅದರ ಕಣ್ಣ್ ನೋಡೀನಿ ಮಲ್ಲಣ್ಣಾ, ಬಾದಲ್‌ಗಿ ಆ ಕಣ್ಣ್ ಬರಬಾರ್ದು," ಎಂದೇ ಅವಳು ನನ್ನ ಕೈಲಿ ಬೇಲಿ ಹಾಕಿಸಿದ್ದು. ಈಗ ಆ ಬೇಲಿಯೇ ಕೈಕೊಟ್ಟಿತ್ತು.

ಈ ಕೆಲಸಕ್ಕೆ ಹೊಸದಾಗಿ ಇಳಿಯುವ ಹುಡುಗರು ನನ್ನನ್ನು ಕೇಳುತ್ತಾರೆ, ಕಾಕಾ, ಕೆಲಸ ಹ್ಯಾಂಗದ, ಅಂತ. ಅವರಿಗಾಗಿ ಬರೆಯುತ್ತಿದ್ದೇನೆ. ಕೆಲಸ ಹೀಗಿದೆ: ಮನೆಯೊಳಗೊಂದು ಡಬ್ಬಿ. ಅದರಿಂದ ಹೊರಟ ತೆಳು ತಂತಿ ಗೇಣುದ್ದ ನೆಲದಡಿ ಕಂಪೌಂಡಿನ ಸುತ್ತ ಹರಿದು ಮತ್ತೆ ಡಬ್ಬಿಗೇ ಬಂದು ಸೇರುತ್ತದೆ. ನಾಯಿಯ ಕೊರಳಲ್ಲೊಂದು ಪಟ್ಟಿ. ಪಟ್ಟಿಯ ಒಳಬದಿಗೆ ಕಡಲೆಕಾಳಿನಷ್ಟು ದೊಡ್ಡ ಎರಡು ಲೋಹದ ಮೊಳೆ. ನಾಯಿ ತಂತಿಯ ಹತ್ತಿರ ಬಂದರೆ ಪಟ್ಟಿ ಮೊದಲು ಪೀಂ ಎನ್ನುತ್ತದೆ, ಇನ್ನೂ ಮುಂದೆ ಹೋದರೆ ಮೊಳೆಗಳು ಚುರ್ರೆನ್ನಿಸುತ್ತವೆ. ಇರುವೆ ಕಚ್ಚಿದಷ್ಟು, ಕಸ್ತೂರಿಬಾಯಿ ತನ್ನ ಮಣಿಕಟ್ಟಿಗೆ ಕಟ್ಟಿ ನೋಡಿಕೊಂಡೇ ನಾಯಿಗೆ ಹಾಕಲು ಒಪ್ಪಿದ್ದು. ಕೆಲವೇ ದಿನಗಳಲ್ಲಿ ನಾಯಿ ಪೀಂ ಕೇಳಿಯೇ ಹಿಂದೆ ಸರಿಯುತ್ತದೆ. ಬೇಲಿ ಯಾರಿಗೂ ಕಾಣುವುದಿಲ್ಲ. ಕೆಟ್ಟರೆ ಕೆಟ್ಟದ್ದೂ ಕಾಣುವುದಿಲ್ಲ. ಈ ಕೆಲಸದ ಸುಖದುಃಖವೆಲ್ಲ ಇಷ್ಟೇ.

ನಾನು ಮೂಲತಃ ಟೆಲಿಫೋನ್ ಕೇಬಲ್ ಜೋಡಿಸುವವ. ಬಡ್ತಿಗಳ ಬಗ್ಗೆ ಬರೆಯಲು ಏನೂ ಇಲ್ಲ. ಒಂದು ಬಂದಿತ್ತು, ಅದು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ, ನನ್ನ ಹೆಂಡತಿಗೂ. ಎಲ್ಲರ ಮನೆಯ ಫೋನೂ ಜೇಬಿಗೆ ಇಳಿದ ಮೇಲೆ ಸ್ವಯಂನಿವೃತ್ತಿ ತೆಗೆದುಕೊಂಡೆ. ನೆಲದಡಿಯ ತಂತಿ ಬಿಟ್ಟರೆ ಬೇರೇನೂ ತಿಳಿಯದ ನಡುವಯಸ್ಸಿನವನಿಗೆ ಈ ನಾಯಿಬೇಲಿ ಗಂಟುಬಿತ್ತು. ಈಗ ಮೊಣಕಾಲು ಒಪ್ಪುತ್ತಿಲ್ಲವೆಂದು ಅದನ್ನೂ ಬಿಟ್ಟಿದ್ದೇನೆ. ನಾಯಿಗಳ ಮೇಲಿನ ಪ್ರೀತಿಯಿಂದ ಮಾಡಿದೆನೆಂದು ಯಾರೂ ತಿಳಿಯಬಾರದು. ನನಗೆ ನಾಯಿಯೆಂದರೆ ಭಯ. ಚಿಕ್ಕದಾದರೂ, ಕಟ್ಟಿದ್ದರೂ, ಮಲಗಿದ್ದರೂ. "ನಾಯಿಗಿ ಅಂಜಾಂವ ನಾಯಿ ಸಲುವಾಗಿ ಬೇಲಿ ಹಾಕಾಕ ಹೊಂಟಾನ," ಎಂದು ಹೆಂಡತಿ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಅಷ್ಟು ವರ್ಷಗಳಲ್ಲಿ ನಾನು ಒಂದು ನಾಯಿಯನ್ನೂ ಮುಟ್ಟಲಿಲ್ಲ. ದೂರ ನಿಂತು, "ಪಟ್ಟಿ ತಗದು ಕೊಡ್ರಿ," "ಎರಡ ಬೆರಳ ಹೋಗೂವಷ್ಟು ಸಡ್ಲ ಇಟ್ಟು ಕಟ್ರಿ," ಎಂದು ಮಾಲೀಕರಿಗೆ ಹೇಳುವುದೇ ನನ್ನ ಪದ್ಧತಿ. ಅವರು ಅದನ್ನು ನನ್ನ ಗಾಂಭೀರ್ಯವೆಂದು ತಿಳಿದಿದ್ದರು.

ಹುಮನಾಬಾದಿನಲ್ಲಿ ಇಳಿದು ಆಟೋ ಹಿಡಿದು ಹೋದಾಗ ಕಸ್ತೂರಿಬಾಯಿಯ ಗೇಟಿನಲ್ಲಿ ಹಾಲಿನ ನಾಗಶೆಟ್ಟಿ ಕೈಗೆ ಅರಿಶಿಣದ ಪಟ್ಟು ಹಾಕಿಕೊಂಡು ನಿಂತಿದ್ದ. ಎದುರು ಮನೆಯವನು. ಬಿದ್ದವನು ಅವನಾದ್ದರಿಂದ ಮಾತಾಡುವ ಹಕ್ಕೂ ಅವನದೇ ಆಗಿತ್ತು.

"ಬರ್ರಿ ಬರ್ರಿ ಇಂಜಿನಿಯರ್ ಸಾಹೇಬ್ರ. ನಿಮ್ಮ ಬೇಲಿ ಯಾರಿಗೂ ಕಾಣಂಗಿಲ್ಲ ಅಂದಿದ್ರಿ. ಖರೇ ಅದ ನೋಡ್ರಿ, ನಾಯಿಗೂ ಕಾಣವಲ್ದು."

"ಕೈ ಹ್ಯಾಂಗದ್ರಿ?"

"ಕೈ ಅದ. ಹಾಲ್ ಹೋತು. ರೋಡಿನ ತುಂಬ ಹಾಲ್ ಚೆಲ್ಲಿ, ಲಾರಿಯವ್ರು ಇಳಿದು ನಮಸ್ಕಾರ ಮಾಡಿ ಹೋಗ್ಯಾರ."

ಕಸ್ತೂರಿಬಾಯಿ ನಗಲಿಲ್ಲ. ಬಾದಲ್‌ನ ತಟ್ಟೆ, ಅದು ಮಲಗುವ ಕೌದಿ, ಎರಡನ್ನೂ ಒಂದು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. ತಿರುಗಿ ಬಂದಿದ್ದ ಬಾದಲ್ ಕಟ್ಟೆಯ ಬುಡದಲ್ಲಿ ಮಲಗಿತ್ತು. ಕಟ್ಟೆಯ ಮೇಲೆ ಕೂತಿದ್ದ ಅವಳ ಅತ್ತೆ ಗುರಬಾಯಿ, "ಬಿಸಿಲಾಗ ಬಂದೀರಿ, ಕೂಡ್ರಿ, ಚಾ ಕುಡೀರಿ," ಎಂದರು. ಮುದುಕಿಗೆ ಕಣ್ಣು ಮಂಜಾಗಿತ್ತು. ಮಾತು ಮಾತ್ರ ಸ್ವಚ್ಛ.

"ಈಗ ಬ್ಯಾಡ್ರಿ ಯವ್ವಾ, ಕೆಲಸ ಅದ," ಎಂದೆ.

ಮೊದಲು ಡಬ್ಬಿ ನೋಡಿದೆ. ಹಸಿರು ದೀಪ ಉರಿಯುತ್ತಿತ್ತು. ಅಡಾಪ್ಟರ್ ತನ್ನ ಜಾಗದಲ್ಲಿತ್ತು, ತಿರುಗಣಿ ನಾನಿಟ್ಟಲ್ಲೇ ಇತ್ತು. ಹಸಿರು ಎಂದರೆ ತಂತಿ ಎಲ್ಲೂ ತುಂಡಾಗಿಲ್ಲ ಎಂದರ್ಥ. ಬೇರೆ ಯಾರಾದರೂ ಆಗಿದ್ದರೆ ನಂಬುತ್ತಿದ್ದರು. ನಾನು ಹಸಿರು ದೀಪವನ್ನು ನಂಬುವುದನ್ನು ನಮ್ಮ ಬಸವಕಲ್ಯಾಣದ ಒಂದು ಮದುವೆಯಲ್ಲಿ ಬಿಟ್ಟೆ.

ಅದೊಬ್ಬ ಕಿರಾಣಿ ವ್ಯಾಪಾರಿಯ ಮನೆ. ಮಗಳ ಲಗ್ನಕ್ಕೆ ಅಂಗಳದಲ್ಲಿ ಹಂದರ ಹಾಕಿದ್ದರು. ಹಂದರದ ಕಂಬ ನೆಡುವಾಗ ಹಾರೆ ತಂತಿಯ ಹೋಗುವ ಎಳೆ, ಬರುವ ಎಳೆ ಎರಡನ್ನೂ ಜಜ್ಜಿ ಒಂದಕ್ಕೊಂದು ಅಂಟಿಸಿಬಿಟ್ಟಿತ್ತು. ಕರೆಂಟು ಅಲ್ಲೇ ತಿರುಗಿ ಡಬ್ಬಿಗೆ ಮರಳುತ್ತಿತ್ತು. ಡಬ್ಬಿಯ ಪಾಲಿಗೆ ಎಲ್ಲವೂ ಹಸಿರು. ಹಂದರದ ಆಚೆಗೆ ಬೇಲಿಯೇ ಇಲ್ಲ. ಅವರ ಜರ್ಮನ್ ಶೆಫರ್ಡ್ ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಬ್ಯಾಂಡಿನವರ ನಡುವೆ ಹೊಕ್ಕಿತು. ಡೋಲಿನವ ಡೋಲು ಬಿಟ್ಟು ಹಂದರದ ಕಂಬ ಏರಿದ. ಅದೇ ಕಂಬದ ಬುಡದಲ್ಲಿ ನನ್ನ ತಂತಿ. ಅಂದು ಊಟಕ್ಕೆ ಕರೆದಿದ್ದ ಅವರು ಊಟ ಬಡಿಸುವ ಮೊದಲೇ ನನಗೆ ಹಾರೆ ಕೊಟ್ಟರು.

ಅದೇ ಮನೆಯಲ್ಲಿ ಅದಕ್ಕೂ ಮುಂಚೆ ಇನ್ನೊಂದು ಆಗಿತ್ತು. ಡಬ್ಬಿಯಿಂದ ಅಂಗಳದವರೆಗಿನ ಎರಡು ಎಳೆಗಳನ್ನು ಜಡೆಯಂತೆ ಹೊಸೆದು ಒಯ್ಯಬೇಕು. ಹೊಸೆದಲ್ಲಿ ಪಟ್ಟಿಗೆ ಏನೂ ಕೇಳಿಸುವುದಿಲ್ಲ. ನಾನು ಹೊಸೆಯದೆ ಬಿಡಿಬಿಡಿಯಾಗಿ ಅಡುಗೆಮನೆಯ ಗೋಡೆಗುಂಟ ಒಯ್ದಿದ್ದೆ. ನಾಯಿಯ ಅನ್ನದ ತಾಟು ಇದ್ದದ್ದು ಅಲ್ಲೇ. ಪಾಪ, ಅದು ತಾಟಿಗೆ ಬಾಯಿ ಹಾಕಿದಾಗಲೆಲ್ಲ ಚುರ್ರ್. ಅನ್ನ ಬಿಟ್ಟ ನಾಯಿಗೆ ದವಾಖಾನೆ ಆಯಿತು, ದೃಷ್ಟಿ ತೆಗೆದದ್ದಾಯಿತು, ಅಡುಗೆಯವಳ ಮೇಲೆ ಸಂಶಯವೂ ಆಯಿತು. ಎಳೆ ಹೊಸೆಯಿರಿ ಹುಡುಗರೇ. ಇದೊಂದನ್ನು ನೆನಪಿಟ್ಟರೆ ಒಬ್ಬ ಅಡುಗೆಯವಳ ಮರ್ಯಾದೆ ಉಳಿಯುತ್ತದೆ.

ಹಾಗಾಗಿ ಕಸ್ತೂರಿಬಾಯಿಯ ಹಸಿರು ದೀಪಕ್ಕೆ ಬೆನ್ನು ಹಾಕಿ ಚೀಲದಿಂದ ರೇಡಿಯೋ ತೆಗೆದೆ. ನನ್ನ ಕಾಲಕ್ಕೆ ಕೇಬಲ್ಲಿನ ದೋಷ ಹುಡುಕಲು ಮೊದಲು ಗುದ್ದಲಿ, ಆಮೇಲೆ ಗುದ್ದಲಿ, ಅದಾದ ಮೇಲೆ ಮೀಟರು ಬಂತು. ನಾಯಿಬೇಲಿಗೆ ಅದ್ಯಾವುದೂ ಬೇಡ, ಜೇಬಿನ ಟ್ರಾನ್ಸಿಸ್ಟರ್ ಸಾಕು. ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ನೆಲಕ್ಕೆ ಹಿಡಿದು ನಡೆದರೆ, ತಂತಿಯಲ್ಲಿ ಸಂಜ್ಞೆ ಇರುವಷ್ಟು ದೂರ ಗುರ್ ಗುರ್ ಎನ್ನುತ್ತದೆ. ಎಲ್ಲಿ ಸುಮ್ಮನಾಯಿತೋ ಅಲ್ಲಿ ಅಗೆಯಬೇಕು. ನಡು ಬಗ್ಗಿಸಿ ನೆಲಕ್ಕೆ ರೇಡಿಯೋ ಕೇಳಿಸುತ್ತ ಕಂಪೌಂಡ್ ಸುತ್ತಿದೆ. ನಾಗಶೆಟ್ಟಿ ಗೋಡೆಗೆ ಮೊಣಕೈ ಊರಿ ನೋಡುತ್ತಿದ್ದ.

"ಭೂಮಿತಾಯಿಗಿ ವಾರ್ತಾ ಕೇಳ್ಸಾಕತ್ತೀರೇನ್ರಿ?"

ರೇಡಿಯೋ ಸುತ್ತಲೂ ಗುರುಗುಟ್ಟಿತು, ಎಲ್ಲೂ ಸುಮ್ಮನಾಗಲಿಲ್ಲ. ಅಂದರೆ ತಂತಿ ಸರಿ. ಆದರೆ ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ನಾನು ಸರಿಯಾಗಿ ಕೇಳಿದೆನೋ ಇಲ್ಲವೋ ಎಂಬ ಸಂಶಯ ಬಂತು. ಮತ್ತೊಂದು ಸುತ್ತು ಹಾಕಿದೆ. ಮೊಣಕಾಲು ಚಟಚಟ ಎಂದಿತು. ಅದೊಂದು ಮಾತ್ರ ಸ್ಪಷ್ಟವಾಗಿ ಕೇಳಿತು.

"ಪಟ್ಟಿ ತಗದು ಕೊಡವ್ವಾ," ಎಂದೆ ಕಸ್ತೂರಿಬಾಯಿಗೆ, ಬೇವಿನ ಮರದ ಈಚೆ ನಿಂತು. ಅವಳು ಬಾದಲ್‌ನ ಕೊರಳಿಂದ ಬಿಚ್ಚಿ ತಂದಳು. ಬ್ಯಾಟರಿ ಹೊಸದು. ಮೊಳೆಗಳಿಗೆ ಪರೀಕ್ಷೆಯ ಪುಟ್ಟ ಬಲ್ಬು ಕಟ್ಟಿ ತಂತಿಯ ಮೇಲೆ ಹಿಡಿದೆ. ಪೀಂ ಎಂದಿತು, ಬಲ್ಬು ಮಿನುಗಿತು. ನನ್ನ ಕೈಯಲ್ಲಿ ಎಲ್ಲವೂ ಸರಿ.

"ಅಂದ್ರ?" ಎಂದಳು.

"ಅಂದ್ರ ಪಟ್ಟಿ ಬರೋಬರಿ ಅದ."

"ತಂತಿ?"

"ಅದೂ ಬರೋಬರಿ ಅದ."

"ಡಬ್ಬಿ?"

"ಬರೋಬರಿ."

"ಎಲ್ಲಾ ಬರೋಬರಿ ಅದ. ಮತ್ತ ನಾಯಿ ಯಾಕ ಹೋಗಾಕತ್ತದ ಮಲ್ಲಣ್ಣಾ?" ಎಂದು ಪಟ್ಟಿ ಇಸಿದುಕೊಂಡು ಹೋಗಿ ಮತ್ತೆ ಕಟ್ಟಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಮುದುಕಿ ಕಟ್ಟೆಯಿಂದ ಕೂಗಿದರು, "ಚಾ ಆರಾಕತ್ತದ್ರಿ. ಬಂದು ಕೂಡ್ರಿ, ಒಂದು ಮಾತ..."

"ಬಂದೆನ್ರಿ ಯವ್ವಾ," ಎಂದು ಹಾರೆ ಎತ್ತಿಕೊಂಡೆ.

ಇಲ್ಲಿ ಗುಂಡೇರಾಯರನ್ನು ನೆನೆಯಬೇಕು. ಕೇಬಲ್ ಕೆಲಸದಲ್ಲಿ ನನ್ನ ಮೊದಲ ಮೇಲಧಿಕಾರಿ. ಬೈಗುಳವನ್ನು ಉರ್ದುವಿನಲ್ಲೂ ಉಪದೇಶವನ್ನು ಕನ್ನಡದಲ್ಲೂ ಕೊಡುವವರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯ ಫೋನು ಸತ್ತಿತ್ತು. ನಾನು ಹೋದವನೇ ಬೀದಿ ಅಗೆಯತೊಡಗಿದೆ. ಗುಂಡೇರಾಯರು ಬಂದು, ಗುಂಡಿಯೊಳಗಿದ್ದ ನನ್ನನ್ನು ಒಮ್ಮೆ ನೋಡಿ, ಸೀದಾ ಆ ಮನೆಯೊಳಗೆ ಹೋಗಿ ಚಹಾ ಕುಡಿಯುತ್ತ ಕೂತರು. ಕಪ್ಪು ಕೆಳಗಿಡುವ ಹೊತ್ತಿಗೆ ಮನೆಯಾಕೆಯೇ ಹೇಳಿದ್ದರು: ಸುಣ್ಣ ಬಳಿಯುವಾಗ ಅಟ್ಟದ ಮೇಲಿನ ತಂತಿಗೆ ಏಣಿ ತಾಗಿತ್ತು. ಹೊರಗೆ ಬಂದು, "ಮಲ್ಲ್ಯಾ, ಹಾರಿ ಹಿಡಿಯೂಕಿಂತ ಮದಲ ಮನ್ಯಾಗ ಚಾ ಕುಡಿ. ನೆಲ ಮಾತಾಡಂಗಿಲ್ಲ. ಮಂದಿ ಮಾತಾಡ್ತಾರ," ಎಂದರು. ಆಮೇಲೆ ಉರ್ದುವಿನಲ್ಲೂ ನಾಲ್ಕು ಮಾತು ಹೇಳಿದರು.

ಅಂದಿನಿಂದ ಎಲ್ಲರ ಮನೆಯಲ್ಲೂ ಚಹಾ ಕುಡಿದೇ ಕೆಲಸಕ್ಕೆ ಕೈ ಹಾಕಿದವನು ನಾನು. ಆದರೆ ಫಿಕರು ಹೆಚ್ಚಾದಾಗ ನನಗೆ ಗುಂಡೇರಾಯರು ಮರೆತುಹೋಗಿ ಹಾರೆ ನೆನಪಾಗುತ್ತದೆ. ಅಗೆಯುವಾಗ ಏನೋ ಮಾಡುತ್ತಿದ್ದೇನೆಂದು ಜನರಿಗೂ ಕಾಣುತ್ತದೆ, ನನಗೂ ಕಾಣುತ್ತದೆ.

ಬೇವಿನ ಬುಡದ ಜೋಡಣೆ ಅಗೆದು ತೆಗೆದೆ. ಮೇಣ ತುಂಬಿದ ಮುಚ್ಚಳ ಒಣಗಿ ಗಟ್ಟಿಯಾಗಿತ್ತು, ಒಳಗೆ ತಾಮ್ರ ಹೊಸ ಬಿಂದಿಗೆಯ ಹಾಗೆ ಹೊಳೆಯುತ್ತಿತ್ತು. ಗೇಟಿನ ಕೆಳಗಿನದನ್ನು ಅಗೆದೆ. ಅದೂ ಹಾಗೇ. ಮತ್ತೆ ಮುಚ್ಚಿದೆ. ಬಿಸಿಲು ನೆತ್ತಿಗೆ ಬಂತು. ಕಸ್ತೂರಿಬಾಯಿ ಒಳಗೆ ಫೋನಿನಲ್ಲಿ ಮೈದುನನ ಜೊತೆ ಮಾತಾಡುತ್ತಿದ್ದಳು. "ಹೌದು ಅಪ್ಪಾ... ಸರಪಳಿ ಬ್ಯಾಡ, ಹಗ್ಗ ಇರ್ಲಿ... ಜರಾ ಉದ್ದಂದು..." ಎಂಬಷ್ಟು ಕೇಳಿಸಿತು.

ಹಾರೆ ಕೆಳಗಿಟ್ಟು ಗೋಡೆಯ ನೆರಳಲ್ಲಿ ಕುಸಿದು ಕೂತೆ. ನನ್ನ ಬೆರಳಿನ ಲೆಕ್ಕದಲ್ಲಿದ್ದುದೆಲ್ಲ ತೀರಿತ್ತು. ಮೊದಲೇ ಹೇಳಿದೆನಲ್ಲ, ಕೊನೆಯ ಬೆರಳು ನನ್ನದೇ ತಪ್ಪಿನದು. ಎಲ್ಲೋ ಏನೋ ಮಾಡಿದ್ದೇನೆ, ಏನೆಂದು ತಿಳಿಯುತ್ತಿಲ್ಲ, ಅಷ್ಟರಲ್ಲಿ ಟಂಟಂ ಬರುತ್ತದೆ. ದಣಿವಾಗಿತ್ತು. ಆ ಒಂದು ದಿನದ್ದಲ್ಲ, ಅಷ್ಟೂ ವರ್ಷ ನೆಲ ಅಗೆದದ್ದು.

ಬಾದಲ್ ನನ್ನನ್ನು ನೋಡಿತು. ಎದ್ದು ಬಂದು ನನ್ನಿಂದ ಮಾರು ದೂರದಲ್ಲಿ, ಸರಿಯಾಗಿ ತಂತಿಯ ಮೇಲೆ ನಿಂತಿತು. ನಾನು ಗೋಡೆಗೆ ಇನ್ನಷ್ಟು ಅಂಟಿಕೊಂಡೆ. ಅದೇ ಹೊತ್ತಿಗೆ ಹೆದ್ದಾರಿಯಲ್ಲಿ ಯಾವುದೋ ಟ್ರಕ್ಕು ಅಡ್ಡ ನಿಂತಿತೋ ಏನೋ, ಸಾಲಾಗಿ ಬರುತ್ತಿದ್ದ ಲಾರಿಗಳ ಸದ್ದು ಒಮ್ಮೆಲೇ ಕಡಿದುಹೋಯಿತು.

ಆ ಸದ್ದಿಲ್ಲದ ಗಳಿಗೆಯಲ್ಲಿ ಕೇಳಿಸಿತು. ಪೀಂ. ಪೀಂ. ಪೀಂ.

ನಾಯಿಯ ಕೊರಳಲ್ಲಿ ಪಟ್ಟಿ ಕೂಗುತ್ತಿತ್ತು. ಡಬ್ಬಿ ಕಳಿಸುತ್ತಿದೆ, ತಂತಿ ತರುತ್ತಿದೆ, ಪಟ್ಟಿ ಕೇಳುತ್ತಿದೆ. ನಾಯಿ ಮಾತ್ರ ಆರಾಮಾಗಿ ಬಾಲ ಆಡಿಸುತ್ತ ನಿಂತಿದೆ. ಪೀಂ ಆದ ಮೇಲೆ ಏನೂ ಆಗುವುದಿಲ್ಲವೆಂದು ಅದು ಕಲಿತುಬಿಟ್ಟಿತ್ತು. ಹಾಗಾದರೆ ದೋಷ ಇದ್ದದ್ದು ನೆಲದಲ್ಲಲ್ಲ, ಮನೆಯಲ್ಲಲ್ಲ. ಪಟ್ಟಿಯ ಮೊಳೆಗೂ ನಾಯಿಯ ಚರ್ಮಕ್ಕೂ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ. ಇಷ್ಟು ವರ್ಷ ನಾನು ಕೈ ಹಾಕದ ಒಂದೇ ಜಾಗ ಅದು.

ಕಸ್ತೂರಿಬಾಯಿಯನ್ನು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ದೂರದಲ್ಲಿ ಟಂಟಂ ಹಾರ್ನ್ ಕೇಳಿಸಿತು. ಕಣ್ಣು ಮುಚ್ಚಿ ಕೈ ಚಾಚಿದೆ. ಬೆಚ್ಚಗಿನ, ಸಣ್ಣ ಕೂದಲಿನ ಕೊರಳು ತಾನಾಗಿಯೇ ಬಂದು ಅಂಗೈಗೆ ಒರಗಿತು. ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿದೆ. ಹೋಗಲಿಲ್ಲ. ಅಲ್ಲಿ ಇನ್ನೇನೋ ಇತ್ತು, ಮೆತ್ತಗೆ, ದಪ್ಪಗೆ, ಹೆಣೆದದ್ದು.

"ಯವ್ವಾ," ಎಂದೆ, ಕೊರಳು ಬಿಡದೆ. "ನಾಯಿ ಕೊಳ್ಳಾಗ ಇದೇನ್ರಿ?"

"ಅಯ್ಯ, ಅದನ್ನ ಹೇಳಬೇಕಂತನ ಮುಂಜಾನಿಯಿಂದ ಚಾ ಕುಡೀರಿ ಅನಾಕತ್ತೀನಿ," ಎಂದರು ಗುರಬಾಯಿ. "ಕಾರಹುಣ್ಣಿವಿ ದಾರ. ಕರಿ ಕುರಿ ಉಣ್ಣೇದು. ಹೊಲದಾಗಿದ್ದಾಗ ಎತ್ತಿನ ಕೊಳ್ಳಿಗಿ ನಾನೇ ಹೊಸೆದು ಕಟ್ತಿದ್ದೆ. ಇಲ್ಲಿ ಎತ್ತ್ ಎಲ್ಲವ? ಈ ಸಲ ಇದಕ್ಕ ಕಟ್ಟೀನಿ. ಅವತ್ತಿನಿಂದ ಕೊಳ್ಳಪಟ್ಟಿ ಬಿಗಿ ಆಗ್ಯದಂತ ಇಕಿ ಒಂದು ತೂತು ಸಡ್ಲ ಮಾಡ್ಯಾಳ. ಅದಕ್ಕೇನರ ಆಗ್ಯದೇನೋ ಅಂತ ಕೇಳಬೇಕಂದ್ರ, ನೀವು ನೆಲಾ ಬಿಟ್ಟು ಮ್ಯಾಲ ನೋಡವಲ್ರಿ."

ಕಸ್ತೂರಿಬಾಯಿ ಬಾಗಿಲಿಗೆ ಬಂದು ನಿಂತಿದ್ದಳು. "ದಾರ ನಾನೂ ನೋಡೀನಿ. ದಾರಕ್ಕೂ ಕರೆಂಟಿಗೂ ಏನ್ ಸಂಬಂಧ ಅಂತ ಬಿಟ್ಟೀನಿ," ಎಂದಳು. ಕತ್ತರಿ ತರಲು ಒಳಗೆ ತಿರುಗಿದಳು.

"ಕಡೀಬ್ಯಾಡ," ಎಂದರು ಮುದುಕಿ. "ಅದು ತಾನೇ ಸವದು ಬೀಳಬೇಕು."

ಕಡಿಯುವ ಅಗತ್ಯವೂ ಇರಲಿಲ್ಲ. ನಾನು ನಾಯಿಯನ್ನು ಹಿಡಿದುಕೊಂಡೆ, ಹೌದು, ನಾನೇ, ಎರಡೂ ಕೈಯಿಂದ. ಮುದುಕಿ ತಡವಿ ತಡವಿ ದಾರವನ್ನು ಮೇಲೆ, ಕಿವಿಯ ಬುಡದ ಹತ್ತಿರಕ್ಕೆ ಸರಿಸಿ ಮತ್ತೆ ಗಂಟು ಹಾಕಿದರು. ಕಸ್ತೂರಿಬಾಯಿ ಪಟ್ಟಿಯನ್ನು ಹಳೆಯ ತೂತಿಗೆ ಬಿಗಿದಳು. ಮೊಳೆಗಳು ಚರ್ಮಕ್ಕೆ ಕೂತವು.

ಟಂಟಂ ಗೇಟಿನ ಹೊರಗೆ ಬಂದು ನಿಂತು ಹಾರ್ನ್ ಬಾರಿಸಿತು. ಬಾದಲ್ ಬಾಣದ ಹಾಗೆ ಓಡಿತು. ಕಸ್ತೂರಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗೋಡೆಗೆ ಎರಡು ಹೆಜ್ಜೆ ಇರುವಾಗ ನಾಯಿ ಸಣ್ಣಗೆ ಕುಂಯ್ ಎಂದು ಹಿಂದಕ್ಕೆ ಜಿಗಿದು, ತಲೆ ವಾರೆ ಮಾಡಿ, ಗೋಡೆಯನ್ನೂ ನಮ್ಮೆಲ್ಲರನ್ನೂ ಅಸಮಾಧಾನದಿಂದ ನೋಡಿ ಕೂತುಬಿಟ್ಟಿತು. ಮೈದುನ ಇನ್ನೆರಡು ಸಲ ಹಾರ್ನ್ ಹೊಡೆದ. ಅದು ಅಲ್ಲಾಡಲಿಲ್ಲ.

"ಬರವಲ್ದಲ್ಲ ವೈನಿ," ಎಂದ ಮೈದುನ.

"ಬರಂಗಿಲ್ಲ ಬಿಡು," ಎಂದಳು ಕಸ್ತೂರಿಬಾಯಿ. ಹೋಗಿ ಬಾಗಿಲ ಬಳಿಯ ಚೀಲದಿಂದ ಕೌದಿ ತೆಗೆದು ಕೊಡವಿದಳು. "ಬಂದೀದಿ, ಉಂಡು ಹೋಗು."

ನಾಗಶೆಟ್ಟಿ ಗೋಡೆಯ ಆಚೆಯಿಂದ ನಾಯಿಯನ್ನು ಬಗ್ಗಿ ನೋಡಿದ. "ಏನಾಗಿತ್ರಿ ಸಾಹೇಬ್ರ? ಸಿಡ್ಲ ಬಡದಿತ್ತೇನು?" ಎಂದ. ಈ ಸಲ ಚೇಷ್ಟೆ ಇರಲಿಲ್ಲ.

ಸಿಡಿಲು ಎನ್ನಬಹುದಿತ್ತು. ಇಷ್ಟೆಲ್ಲ ಅಗೆದದ್ದಕ್ಕೆ ಒಂದು ಘನತೆಯಾದರೂ ಬರುತ್ತಿತ್ತು. ಕಟ್ಟೆಯ ಮೇಲೆ ಕೂತು ತಣ್ಣಗಾದ ಚಹಾ ಕೈಗೆತ್ತಿಕೊಂಡೆ. ಬಾದಲ್ ಬಂದು ನನ್ನ ಕಾಲ ಬಳಿ ಮಲಗಿತು. ನಾನು ಕಾಲು ಎಳೆದುಕೊಳ್ಳಲಿಲ್ಲ.

"ದಾರ್ರಿ," ಎಂದೆ. "ಒಂದು ಉಣ್ಣೆ ದಾರ."